ಸ್ಯಾಂಟ್ರೋಗೆ ಹೊಸ ಟೈಮಿಂಗ್ ಬೆಲ್ಟು, ರೇಡಿಯೇಟರಿನಿಂದ ಹೊರಬಂದ ನಮ್ಮ ಬೋರಿನ ನೀರು

ನಮ್ಮದು 2008ರ ಹ್ಯುಂಡೈ ಸ್ಯಾಂಟ್ರೋ ಝಿಂಗ್ ಕಾರು. ಅಪ್ಪ ಕೊಂಡಿದ್ದು, ಈಗ ನನ್ನ ಕೈಯಲ್ಲಿದೆ. ಓಡಿದ್ದು 1,12,000 ಕಿಲೋಮೀಟರ್. ಟೈಮಿಂಗ್ ಬೆಲ್ಟ್ ಹಿಂದೆ ಬದಲಿಸಿದ್ದು 2015ರಲ್ಲಿ, 54,000ಕ್ಕೆ. ಇದೇನು ಫ್ಯಾನ್ ಬೆಲ್ಟಿನ ಹಾಗಲ್ಲ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿಗೂ ವಾಲ್ವು ತೆರೆಯುವ ಕ್ಯಾಮಿಗೂ ತಾಳ ಕೂಡಿಸುವ ಹಲ್ಲಿನ ಬೆಲ್ಟು. ಓಡುವಾಗ ಹರಿದರೆ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್ನು ತೆರೆದ ವಾಲ್ವಿಗೆ ಬಡಿಯಬಹುದು, ಇಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನೇ ಬಿಚ್ಚಬೇಕಾಗುತ್ತದೆ. ಅದಕ್ಕೇ ನವನಗರದ ಮನೆ ಮುಂದೆ ನಾನೇ ಬಿಚ್ಚಿದೆ. ಪಕ್ಕದ ಮನೆಯ ಕಾಕಾ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಅವರು ಕುರ್ಚಿ ಹಾಕಿಕೊಂಡು ಕೂತಿದ್ದೇ ನನಗೆ ಧೈರ್ಯ.

ಮೊದಲು ತಂದ ಬೆಲ್ಟಿನ ಕಥೆ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಒಂದು ಅಂಗಡಿ, ಹೆಸರು ಬೇಡ. ಡಬ್ಬಿ ಇಲ್ಲ, ಬರೀ ಪ್ಲಾಸ್ಟಿಕ್ ಚೀಲ. 350 ರೂಪಾಯಿ. "ಎಲ್ಲಾ ಒಂದ ರೀ ಸರ, ಕಂಪನಿಗೂ ಇವ್ರ ಕೊಡೋದು" ಅಂದರು. ನಂಬಿದೆ. ಶನಿವಾರ ಮಧ್ಯಾಹ್ನ ಹಳೆಯದನ್ನು ಬಿಚ್ಚಿ, ವೈಟ್ನರ್‌ನಿಂದ ಗುರುತು ಹಾಕಿ ಎರಡರ ಹಲ್ಲು ಎಣಿಸಿದರೆ ಹೊಸದರಲ್ಲಿ ಒಂದು ಜಾಸ್ತಿ! ಕಾಕಾನೂ ಎಣಿಸಿದರು. ಮತ್ತೊಮ್ಮೆ ನಾನು. ಒಂದು ಜಾಸ್ತಿಯೇ. ಭಾನುವಾರ ಅಂಗಡಿ ಬಂದ್. ಗಾಡಿ ಒಂದು ಗಾಲಿ ಇಲ್ಲದೆ ಎರಡು ದಿನ ಸ್ಟ್ಯಾಂಡಿನ ಮೇಲೆ ನಿಂತಿತು. ಬಿಚ್ಚುವ ಮುಂಚೆ ಎಣಿಸಲು ಆಗುವುದಿಲ್ಲ ನಿಜ. ಆದರೆ ಪಾರ್ಟ್ ನಂಬರ್ ನೋಡಬಹುದಿತ್ತು. ಅದು ನನ್ನ ತಪ್ಪು.

ಸೋಮವಾರ ಗೋಕುಲ ರೋಡಿಗೆ ಹೋಗಿ ಮೊಬಿಸ್ (ಹ್ಯುಂಡೈನವರದೇ ಬಿಡಿಭಾಗದ ಕಂಪನಿ) ಡಬ್ಬಿಯ ಬೆಲ್ಟ್, ಜೊತೆಗೆ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಗಾಲಿ, ಅಂದರೆ ಟೆನ್ಷನರ್ ತಂದೆ. ಎರಡಕ್ಕೂ ಸೇರಿ 1,700ರ ಹತ್ತಿರ ಹೋಯಿತು. ಟೆನ್ಷನರ್ ಬೇಕಾ ಅಂತ ಯೋಚಿಸುತ್ತಿದ್ದರೆ, ಹಳೆಯದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ನಮ್ಮದು ಮರಳು ಹಾಕಿದ ಹಾಗೆ ಗರಗರ ಅಂತಿತ್ತು. ಹೊಸ ಬೆಲ್ಟು ಹಾಕಿ ಅದನ್ನೇ ಬಿಟ್ಟಿದ್ದರೆ ಈ ಕೆಲಸವೆಲ್ಲ ದಂಡ. ಹೊಸ ಬೆಲ್ಟಿನ ಹಲ್ಲು ಅಚ್ಚುಕಟ್ಟಾಗಿ, ಒಂದೇ ಸಮನಾಗಿ ಇವೆ. ಕ್ರ್ಯಾಂಕ್, ಕ್ಯಾಮ್ ಗಾಲಿಗಳ ಗುರುತಿನ ಗೆರೆ ಕೂಡಿಸಿ ಹಾಕಿದಾಗ ಎಳೆದಾಡದೆ ಕೂತಿತು. ಒಂದೇ ಗೊಣಗಾಟ: ಡಬ್ಬಿಯಲ್ಲಿ ಬೋಲ್ಟ್ ಎಷ್ಟು ಬಿಗಿ ಮಾಡಬೇಕು ಅನ್ನುವ ಒಂದು ಚೀಟಿಯೂ ಇಲ್ಲ.

ಕಷ್ಟ ಅಂದರೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್. ಐದನೇ ಗೇರ್ ಹಾಕಿ ಅವ್ವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. "ಬ್ರೇಕ್ ಒತ್ತಿ ಹಿಡಿ, ಬಿಡಬ್ಯಾಡ" ಅಂದೆ. "ನನಗೇನ್ ಗಾಡಿ ಹೊಡಿಯಾಕ ಬರ್ತದೇನೋ?" ಅಂತ ಅವ್ವ. ಪಾನಾಕ್ಕೆ ಹಳೆ ಬೋರಿನ ಪೈಪಿನ ತುಂಡು ಸಿಕ್ಕಿಸಿ ಇಡೀ ಮೈಭಾರ ಹಾಕಿದ ಮೇಲೆ ಟಕ್ ಅಂತ ಬಿಟ್ಟಿತು. ಅವ್ವ ಹೆದರಿ ಹಾರ್ನ್ ಒತ್ತಿಬಿಟ್ಟಳು.

ಜೋಡಿಸಿದ ಮೇಲೆ ನಾನು ಕೀಲಿ ತೆಗೆದುಕೊಂಡೆ. ಕಾಕಾ ತಡೆದರು. "ಮೊದಲ ಕೈಲೇ ಎರಡ ಸುತ್ತ ತಿರುಗ್ಸು. ಗೆರಿ ಕೂಡ್ತಾವೇನ್ ನೋಡು. ಆಮ್ಯಾಲೆ ಚಾವಿ ಹಚ್ಚು." ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು, ಅದಕ್ಕೇ ಎರಡು. ಗೆರೆಗಳು ಕೂಡಿದವು. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.

ಜೊತೆಗೆ ಕೂಲಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ, ಬದಲಿಸುವುದು ಸುಲಭ ಅಂದುಕೊಂಡಿದ್ದೆ. ಅದೇ ಹೆಚ್ಚು ಹೊತ್ತು ತಿಂದಿತು. ತಣ್ಣಗಿದ್ದಾಗ ರೇಡಿಯೇಟರಿನ ಕೆಳಗಿನ ಪ್ಲಗ್ ಬಿಚ್ಚಿದರೆ ಪರಾತಕ್ಕೆ ಬಿದ್ದದ್ದು ಚಹಾದ ಬಣ್ಣದ ನೀರು, ತಳದಲ್ಲಿ ಬಿಳಿ ಹುಡಿ. ವರ್ಷಗಟ್ಟಲೆ ಅಪ್ಪ ನಲ್ಲಿ ಬಾರದ ದಿನಗಳಲ್ಲಿ ನಮ್ಮ ಬೋರಿನ ಸವುಳು ನೀರನ್ನೇ ಸುರಿದಿದ್ದರು. ಆ ಉಪ್ಪೆಲ್ಲ ಕಾದು ಕಾದು ಒಳಗೆ ಕಟ್ಟಿಕೊಂಡಿತ್ತು. ನೀರು ತುಂಬಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಥರ್ಮೋಸ್ಟ್ಯಾಟ್ (ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಬಾಗಿಲು) ತೆರೆದು ಫ್ಯಾನ್ ತಿರುಗುವವರೆಗೆ ಇಂಜಿನ್ ಓಡಿಸಿ, ಆರಲು ಬಿಟ್ಟು, ಮತ್ತೆ ಬಸಿದು, ಹೀಗೆ ನಾಲ್ಕು ಸಲ. ಕೊನೆಯ ಸಲ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಎಷ್ಟು ಬಸಿದರೂ ಇಂಜಿನ್ ಬ್ಲಾಕಿನಲ್ಲಿ ಸ್ವಲ್ಪ ನೀರು ಉಳಿದೇ ಇರುತ್ತದೆ. ಹಾಗಾಗಿ ಮೊದಲು ಕಾನ್ಸಂಟ್ರೇಟ್, ಅಂದರೆ ನೀರು ಬೆರೆಸದ ಗಟ್ಟಿ ಕೂಲಂಟ್, ಅಳತೆ ಮಾಡಿ ಸುರಿದು, ಆಮೇಲೆ ಡಿಸ್ಟಿಲ್ಡ್ ನೀರಿನಿಂದ ತುಂಬಿದೆ. ಉಲ್ಟಾ ಮಾಡಿದರೆ ಕೂಲಂಟಿಗೆ ಜಾಗವೇ ಸಾಲುವುದಿಲ್ಲ. ಮೊದಲೇ ನೀರು ಬೆರೆಸಿದ ರೆಡಿ ಮಿಕ್ಸ್ ಡಬ್ಬಿ ತಂದು ಅದಕ್ಕೆ ಮತ್ತೆ ನೀರು ಬೆರೆಸುವವರೂ ಇದ್ದಾರೆ, ಲೇಬಲ್ ಓದಿಕೊಳ್ಳಿ. ಬಸಿದದ್ದನ್ನು ಗಟಾರಕ್ಕೆ ಬಿಡಲಿಲ್ಲ. ಕೂಲಂಟ್ ಸಿಹಿ ಇರುತ್ತದೆ, ಓಣಿಯ ನಾಯಿ ನೆಕ್ಕಿದರೆ ಸತ್ತೇ ಹೋಗಬಹುದು.

ಮುಂದಿನ ವಾರ ಅಣ್ಣಿಗೇರಿ ಮೇಲೆ ಗದಗಿಗೆ ಹೋಗಿ ಬಂದೆ. ಏಪ್ರಿಲ್ ಬಿಸಿಲು, ಎಸಿ ಹಾಕಿಯೇ ಓಡಿಸಿದೆ. ಮೊದಲು ದಾರಿಯ ನಲವಡಿ ದಾಟುವಷ್ಟರಲ್ಲಿ ಮೇಲೇರುತ್ತಿದ್ದ ಬಿಸಿಯ ಮುಳ್ಳು ಈ ಸಲ ನಡುವಿನಿಂದ ಅಲ್ಲಾಡಲಿಲ್ಲ. ಮೊಬಿಸ್ ಬೆಲ್ಟಿಗೆ ಐದರಲ್ಲಿ ನಾಲ್ಕೂವರೆ, ಅರ್ಧ ಆ ಚೀಟಿಗೆ ಕಳೆದೆ. ಹಲ್ಲು ಜಾಸ್ತಿ ಇದ್ದ ಬೆಲ್ಟನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಕಾಕಾ ಅದನ್ನು ಕತ್ತರಿಸಿ ಒಯ್ದರು. ಈಗ ಅವರ ಮನೆಯ ನೀರಿನ ಫಿಲ್ಟರಿನ ಬಿಗಿ ಮುಚ್ಚಳ ತಿರುಗಿಸಲು ಅದೇ ಪಟ್ಟಿ.