ಕಾಂಟೆಸ್ಸಾದಲ್ಲಿ ಬೂಸ್ಟರ್ ಇಲ್ಲದ ಬ್ರೇಕ್: ಎರಡು ವರ್ಷ ಓಡಿಸಿದ ಮೇಲೆ

ಹಳೆಯ ಕಾರಿನ ಪೆಟ್ರೋಲ್ ಇಂಜಿನ್ ಇಳಿಸಿ ವಿದ್ಯುತ್ ಮೋಟಾರ್ ಕೂರಿಸುವವರು ಬ್ಯಾಟರಿ, ಕಂಟ್ರೋಲರ್, ಚಾರ್ಜರ್‌ಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಬ್ರೇಕಿನ ಮಾತು ಬರುವುದು ಮಾತ್ರ ಗಾಡಿ ರಸ್ತೆಗಿಳಿಯುವ ಹೊತ್ತಿಗೆ. ಪವರ್ ಬ್ರೇಕ್, ಅಂದರೆ ಕಾಲಿನ ಒತ್ತಡಕ್ಕೆ ಬೂಸ್ಟರ್ ಎಂಬ ಸಾಧನ ನೆರವಾಗುವ ಬ್ರೇಕ್ ಇರುವ ಗಾಡಿಯ ಮಟ್ಟಿಗೆ ಇದು ಅಪಾಯದ ಕ್ರಮ. ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಇಂಜಿನ್ನಿನ ಗಾಳಿಯ ದಾರಿ ಮುಚ್ಚಿಕೊಂಡು ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ (ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯಲ್ಲಿ) ವ್ಯಾಕ್ಯೂಮ್, ಅಂದರೆ ಗಾಳಿಯ ಒತ್ತಡದ ಕೊರತೆ ಉಂಟಾಗುತ್ತದೆ. ಬೂಸ್ಟರಿನೊಳಗಿನ ಡಯಾಫ್ರಮ್ ಎಂಬ ಪರದೆಯ ಎರಡೂ ಬದಿಯಲ್ಲಿ ಆ ವ್ಯಾಕ್ಯೂಮ್ ತುಂಬಿರುತ್ತದೆ. ಪೆಡಲ್ ಒತ್ತಿದೊಡನೆ ಒಂದು ಬದಿಗೆ ಹೊರಗಿನ ಗಾಳಿ ನುಗ್ಗಿ, ನಮ್ಮ ಕಾಲಿನ ಜೊತೆಗೆ ತಾನೂ ಬ್ರೇಕ್ ಆಯಿಲನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ಸುಮಾರು 20 ಸೆಂ.ಮೀ. ಅಗಲದ ಬೂಸ್ಟರ್ ಹೀಗೆ ಕೊಡುವ ನೆರವು 200 ಕಿಲೋ ಭಾರಕ್ಕೆ ಸಮ. ಇಂಜಿನ್ ಇಳಿಸಿದ ದಿನ ಈ ನೆರವು ಪೂರ್ತಿ ನಿಂತುಹೋಗುತ್ತದೆ.

ನನ್ನದು ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾ ಕ್ಲಾಸಿಕ್, ಇಸುಜು ಇಂಜಿನ್ ಇದ್ದ 1.8 ಮಾದರಿ, ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ಯಾಟರಿ ಸೇರಿಸಿ ತೂಗಿದಾಗ ಗಾಡಿ 1,350 ಕಿಲೋದ ಆಸುಪಾಸಿನಲ್ಲಿತ್ತು. ಮೊದಲು ಎಲ್ಲರಂತೆ ನಾನೂ ಹಳೆಯ ಬೂಸ್ಟರನ್ನು ಉಳಿಸಿಕೊಂಡು, 12 ವೋಲ್ಟಿನ ವ್ಯಾಕ್ಯೂಮ್ ಪಂಪನ್ನೂ ಒಂದು ಸಣ್ಣ ಟ್ಯಾಂಕನ್ನೂ ಹಾಕಿಸಿದ್ದೆ. ಪಂಪ್ ಕೆಟ್ಟ ಆಯ್ಕೆಯೆಂದು ನಾನು ಹೇಳುವುದಿಲ್ಲ. ಒಳ್ಳೆಯ ಪಂಪ್, ದೊಡ್ಡ ಟ್ಯಾಂಕ್, ವ್ಯಾಕ್ಯೂಮ್ ಕಡಿಮೆಯಾದರೆ ಎಚ್ಚರಿಸುವ ದೀಪ, ಈ ಮೂರೂ ಇದ್ದರೆ ಅದು ಚೆನ್ನಾಗಿಯೇ ನಡೆಯುತ್ತದೆ. ನನಗೆ ಮಾರಿದವರು ಕೊಟ್ಟ ಸೆಟ್ಟಿನಲ್ಲಿ ದೀಪವೂ ಇರಲಿಲ್ಲ, ಪಂಪನ್ನು ಚಾಲೂ ಮಾಡುವ ಪ್ರೆಶರ್ ಸ್ವಿಚ್ಚೂ ಗಟ್ಟಿಯಾಗಿರಲಿಲ್ಲ. ಹೈದರಾಬಾದ್ ಹೆದ್ದಾರಿಯಿಂದ ಊರೊಳಗೆ ಇಳಿಯುವಾಗ ಆ ಸ್ವಿಚ್ ಕೈಕೊಟ್ಟು, ಎರಡನೆಯ ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಯಿತು. ಗಾಡಿ ನಿಂತಿತು, ಆದರೆ ನಿಲ್ಲಬೇಕಾದ ಜಾಗದಲ್ಲಲ್ಲ. ಇನ್ನೊಂದು ಸಂಗತಿಯೂ ನನ್ನ ಮನಸ್ಸಿನಲ್ಲಿತ್ತು: ಬೂಸ್ಟರ್ ಕೆಲಸ ಮಾಡುವುದು ಹೊರಗಿನ ಗಾಳಿಯ ಒತ್ತಡದಿಂದ. ಚಿಕ್ಕಬಳ್ಳಾಪುರ 900 ಮೀಟರಿಗೂ ಮೇಲಿದೆ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಇಲ್ಲಿ ಆ ಒತ್ತಡ ಶೇಕಡಾ 10ರಷ್ಟು ಕಡಿಮೆ, 1,478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿಯಲ್ಲಿ ಇನ್ನೂ ಕಡಿಮೆ. ಘಾಟಿಯ ನೆತ್ತಿಯಲ್ಲಿ, ಬ್ರೇಕ್ ಹೆಚ್ಚು ಬೇಕಾದ ಕಡೆಯೇ ನೆರವು ಕುಗ್ಗುವ ವ್ಯವಸ್ಥೆಗಿಂತ ಎಲ್ಲ ಕಡೆಯೂ ಒಂದೇ ತೆರನಾಗಿರುವ ಪೆಡಲ್ ಮೇಲು ಎಂದು ನಿರ್ಧರಿಸಿ ಬೂಸ್ಟರ್ ಇಲ್ಲದ ಮ್ಯಾನುಯಲ್ ಬ್ರೇಕಿಗೆ ಬದಲಾಯಿಸಿದೆ.

ಬದಲಾಯಿಸುವುದೆಂದರೆ ಬೂಸ್ಟರ್ ಬಿಚ್ಚಿ ಅದೇ ಮಾಸ್ಟರ್ ಸಿಲಿಂಡರನ್ನು ಇಂಜಿನ್ ಕೋಣೆಯ ಗೋಡೆಗೆ ಬಿಗಿಯುವುದು ಎಂದು ತಿಳಿದವರು ಬಹಳ ಮಂದಿ ಇದ್ದಾರೆ. ಹಾಗೆ ಮಾಡಿದ ಗಾಡಿಯನ್ನು ಯಾರೂ ಓಡಿಸಬಾರದು. ಪವರ್ ಬ್ರೇಕಿನ ಪೆಡಲನ್ನು ಕಾಲಿನ ಒತ್ತಡ ಸುಮಾರು ನಾಲ್ಕು ಪಟ್ಟಾಗುವಂತೆ ಮಾಡಿರುತ್ತಾರೆ, ಏಕೆಂದರೆ ಉಳಿದದ್ದನ್ನು ಬೂಸ್ಟರ್ ನೋಡಿಕೊಳ್ಳುತ್ತದೆ. ಮ್ಯಾನುಯಲ್ ಬ್ರೇಕಿಗೆ ಅದು ಆರು ಪಟ್ಟಾಗಬೇಕು. ಸಿಲಿಂಡರಿನ ಬೋರ್ (ಒಳ ವ್ಯಾಸ) ಕೂಡ ಕಿರಿದಾಗಬೇಕು. ನನ್ನ ಗಾಡಿಯಲ್ಲಿ ಇದ್ದದ್ದು 22.2 ಮಿ.ಮೀ. ಬೋರ್; ಹಾಕಿಸಿದ್ದು 19 ಮಿ.ಮೀ. ಲೆಕ್ಕ ಹೀಗಿದೆ: ಬೂಸ್ಟರ್ ಸರಿಯಾಗಿದ್ದಾಗ 20 ಕಿಲೋ ಒತ್ತಿದರೆ ಪೈಪಿನಲ್ಲಿ ಪ್ರತಿ ಚದರ ಸೆಂ.ಮೀ.ಗೆ 72 ಕಿಲೋದಷ್ಟು ಒತ್ತಡ ಸಿಗುತ್ತಿತ್ತು. ಬೂಸ್ಟರ್ ಸುಮ್ಮನಾದರೆ ಅದೇ ಒತ್ತಡಕ್ಕೆ ಕಾಲು 70 ಕಿಲೋ ಒತ್ತಬೇಕು. ಪೆಡಲ್ ಮತ್ತು ಬೋರ್ ಎರಡನ್ನೂ ಬದಲಾಯಿಸಿದ ಮೇಲೆ 34 ಕಿಲೋ ಸಾಕು. ಕಾರಿನ ಬ್ರೇಕ್ ಪರೀಕ್ಷೆಗೆ ವಿಶ್ವಸಂಸ್ಥೆಯ ಆರ್13-ಎಚ್ ನಿಯಮ ಹಾಕಿರುವ ಮಿತಿ 500 ನ್ಯೂಟನ್, ಅಂದರೆ ಸುಮಾರು 51 ಕಿಲೋ. ಅದರೊಳಗೆ ನೆಮ್ಮದಿಯಾಗಿ ಇದ್ದೇವೆ. ಇದಕ್ಕೆ ತೆರುವ ಬೆಲೆ ಪೆಡಲಿನ ಓಟ. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ಕೊಡಲೇಬೇಕಾದ್ದರಿಂದ ಪೆಡಲ್ ಈಗ ಮೊದಲಿನ ಎರಡರಷ್ಟು ಕೆಳಗಿಳಿಯುತ್ತದೆ.

ಸಿಲಿಂಡರ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು, ಕೆಲಸ ನಡೆದದ್ದು ನಮ್ಮೂರಿನ ಲೇತ್ ಅಂಗಡಿಯಲ್ಲಿ ಮತ್ತು ಅದರ ಪಕ್ಕದ ಬ್ರೇಕ್ ಮೇಸ್ತ್ರಿಯವರ ಕೈಯಲ್ಲಿ. ಪೆಡಲ್ ತೋಳಿನ ಉದ್ದ 280 ಮಿ.ಮೀ.; ಸಿಲಿಂಡರಿನ ಪಿಸ್ಟನ್ನನ್ನು ಒತ್ತುವ ಪುಶ್ ರಾಡಿನ ತೂತು ಮೇಲಿನ ಪಿನ್ನಿನಿಂದ 70 ಮಿ.ಮೀ. ದೂರದಲ್ಲಿತ್ತು. ಹೊಸ ತೂತನ್ನು 47 ಮಿ.ಮೀ. ದೂರದಲ್ಲಿ ಕೊರೆದು, ಅಲ್ಲಿ ತೋಳಿಗೆ ಇನ್ನೊಂದು ಪಟ್ಟಿ ಬೆಸೆದು ಬಲಪಡಿಸಿದರು. ರಾಡ್ ಅಷ್ಟು ಮೇಲೇರಿದ ಮೇಲೆ ಸಿಲಿಂಡರೂ ಮೇಲೇರದಿದ್ದರೆ ರಾಡ್ ಓರೆಯಾಗಿ ಒತ್ತಿ ಪಿಸ್ಟನ್ನಿನ ಒಂದು ಬದಿ ಸವೆಯುತ್ತದೆ. ಅದಕ್ಕಾಗಿ ದಪ್ಪ ಉಕ್ಕಿನ ಪ್ಲೇಟ್ ಮಾಡಿ ಸಿಲಿಂಡರನ್ನು 23 ಮಿ.ಮೀ. ಎತ್ತರಿಸಲಾಯಿತು. ಮೇಸ್ತ್ರಿಯವರು ಅತಿ ಹೆಚ್ಚು ಹೊತ್ತು ಕಳೆದದ್ದು ರಾಡಿನ ಉದ್ದ ಹೊಂದಿಸುವುದರಲ್ಲಿ. “ಸಾರ್, ಇದು ಒಂದು ಕೂದಲೆಳೆ ಉದ್ದ ಆದ್ರೂ ಬ್ರೇಕು ಹಿಡ್ಕೊಂಡೇ ಇರ್ತದೆ” ಎಂದು ಹೇಳಿ, ನಟ್ಟನ್ನು ಕಾಲು ಸುತ್ತು ತಿರುಗಿಸುವುದು, ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುವುದು, ಮತ್ತೆ ತಿರುಗಿಸುವುದು, ಹೀಗೆ ನಡೆಸಿದರು. ಪೆಡಲ್ ಬಿಟ್ಟಾಗ ರಾಡಿಗೂ ಪಿಸ್ಟನ್ನಿಗೂ ನಡುವೆ ಒಂದು ಮಿ.ಮೀ.ನಷ್ಟು ಸಡಿಲ ಇದ್ದರೆ ಮಾತ್ರ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು ಡಬ್ಬಿಗೆ ಹೋಗುವ ಸಣ್ಣ ರಂಧ್ರ ತೆರೆದುಕೊಳ್ಳುತ್ತದೆ. ಅದು ಮುಚ್ಚಿದ್ದರೆ ಬಿಸಿಯಾಗಿ ಹಿಗ್ಗಿದ ಆಯಿಲಿಗೆ ಹೋಗಲು ಜಾಗವಿಲ್ಲದೆ ಬ್ರೇಕ್ ತಾನಾಗಿ ಹಿಡಿಯುತ್ತದೆ. ಪೆಡಲಿನ ಅಡಿಗೆ ಪಾದ ಸಿಕ್ಕಿಸಿ ಎತ್ತಿದರೂ ರಾಡ್ ಕಳಚದಂತೆ ಪಿಸ್ಟನ್ನಿನ ಕುಳಿ ಆಳವಾಗಿರುವ ಸಿಲಿಂಡರನ್ನೇ ಆರಿಸಿಕೊಳ್ಳಬೇಕು. ಬೂಸ್ಟರಿಗೆಂದು ಮಾಡಿದ ಸಿಲಿಂಡರಿನ ಕುಳಿ ಸಾಮಾನ್ಯವಾಗಿ ಇದಕ್ಕೆ ಸಾಲುವುದಿಲ್ಲ.

ರಸ್ತೆಗಿಳಿಸುವ ಮುನ್ನ ಮಾಡಿದ ಒಂದು ಪರೀಕ್ಷೆಯನ್ನು ಎಲ್ಲರೂ ಮಾಡಿಸಬೇಕೆಂದು ಒತ್ತಿ ಹೇಳುತ್ತೇನೆ. ಗಾಡಿ ನಿಂತಿರುವಾಗ ಹಿಂದಿನ ಚಕ್ರದ ಒಂದು ಬ್ಲೀಡ್ ನಿಪ್ಪಲ್ (ಪೈಪಿನೊಳಗಿನ ಗಾಳಿ ಹೊರಬಿಡುವ ತಿರುಪು) ಸಡಿಲಿಸಿ ಪೆಡಲ್ ಒತ್ತಿದಾಗ, ಪೆಡಲ್ ನೆಲಕ್ಕೆ ತಾಗುವ ಮೊದಲೇ ಮುಂದಿನ ಚಕ್ರಗಳು ಗಟ್ಟಿಯಾಗಿ ಹಿಡಿಯಬೇಕು. ಆಮೇಲೆ ಮುಂದಿನದನ್ನು ಸಡಿಲಿಸಿ ಹಿಂದಿನದನ್ನು ನೋಡಬೇಕು. ಓಟ ದುಪ್ಪಟ್ಟಾದ ಪೆಡಲಿನಲ್ಲಿ ಒಂದು ಲೈನ್ ಸೋರಿದರೆ ಇನ್ನೊಂದು ಲೈನಿಗೆ ಓಟ ಉಳಿದಿರುತ್ತದೆಯೇ ಎಂಬುದು ಇದರಿಂದ ಮಾತ್ರ ತಿಳಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಏರ್ ತೆಗೆಯುವ ಕೆಲಸ ಮತ್ತೆ ಮೊದಲಿನಿಂದ.

ಎರಡು ವರ್ಷಗಳ ಬಳಕೆಯಲ್ಲಿ ನನಗೆ ಕಂಡ ದೊಡ್ಡ ಗುಣ ಪೆಡಲಿನ ಪ್ರಾಮಾಣಿಕತೆ. ಎಷ್ಟು ಒತ್ತಿದರೆ ಅಷ್ಟೇ ಹಿಡಿಯುತ್ತದೆ. ಬೆಳಗಿನ ಚಳಿಯಲ್ಲಿ, ಶಿಡ್ಲಘಟ್ಟದ ರೇಷ್ಮೆ ಮಾರುಕಟ್ಟೆಯ ಮುಂದಿನ ದಟ್ಟಣೆಯಲ್ಲಿ, 12 ವೋಲ್ಟಿನ ಬ್ಯಾಟರಿ ಸೋತಿದ್ದಾಗ ಕೂಡ ಅದೇ ಪೆಡಲ್. ಅದೇ ಪ್ರಾಮಾಣಿಕತೆ ನಿರ್ವಹಣೆಯಲ್ಲಿ ದುಬಾರಿ. ಬೂಸ್ಟರ್ ಇದ್ದಾಗ ಹಿಂದಿನ ಡ್ರಮ್ಮಿನ ಶೂ ಸ್ವಲ್ಪ ಸವೆದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಈಗ ಶೂಗೂ ಡ್ರಮ್ಮಿಗೂ ನಡುವಿನ ಅಂತರ ತುಸು ಹೆಚ್ಚಿದರೂ ಪೆಡಲ್ ಒಂದು ಬೆರಳು ಕೆಳಗೆ ಹೋಗುತ್ತದೆ. ಶೂ ಅಡ್ಜಸ್ಟ್ ಮಾಡಿಸುವ ಸರದಿ ಮೊದಲಿಗಿಂತ ಬೇಗ ಬರುತ್ತದೆ. ಡಾಟ್ 4 ಬ್ರೇಕ್ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸುತ್ತೇನೆ, ಏಕೆಂದರೆ ಅದು ಗಾಳಿಯ ತೇವ ಹೀರುತ್ತದೆ; ಹೊಸತಾಗಿದ್ದಾಗ ಕನಿಷ್ಠ 230 ಡಿಗ್ರಿ ಇರುವ ಅದರ ಕುದಿಬಿಂದು ತೇವ ಸೇರಿದ ಮೇಲೆ 155ರವರೆಗೂ ಇಳಿಯಬಹುದು.

ನಂದಿ ಬೆಟ್ಟದ ಇಳಿಜಾರಿನಲ್ಲಿ ಈ ಬ್ರೇಕ್ ಹೇಗೆ ಎಂದು ಕೇಳುವವರು ಹೆಚ್ಚು. ಅಲ್ಲಿ ಅರ್ಧ ಕೆಲಸ ಬ್ರೇಕಿನದಲ್ಲ, ರೀಜೆನ್‌ನದು: ಆಕ್ಸಿಲರೇಟರ್ ಬಿಟ್ಟರೆ ಮೋಟಾರ್ ಜನರೇಟರಾಗಿ ಗಾಡಿಯನ್ನು ತಡೆದು ಬ್ಯಾಟರಿಗೆ ವಿದ್ಯುತ್ ಕಳುಹಿಸುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಮಾತ್ರ ರೀಜೆನ್ ಕೆಲಸ ಮಾಡದು. ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ಹೊರಟರೂ ನಮಗೆ ಆ ತೊಂದರೆಯಿಲ್ಲ. ಊರಿನಿಂದ ತುದಿಯವರೆಗಿನ ಎತ್ತರವನ್ನು ಏರುವುದಕ್ಕೇ ಈ ತೂಕದ ಗಾಡಿಗೆ ಸುಮಾರು 2 ಯೂನಿಟ್ ಬೇಕು, ಇಳಿಯುವಾಗ ವಾಪಸು ಬರುವುದು ಅದಕ್ಕಿಂತ ಕಡಿಮೆಯೇ. ಆದರೂ ರೀಜೆನ್ ಇಲ್ಲದೆಯೇ ಇಳಿಯಬಲ್ಲ ಬ್ರೇಕ್ ಇರಲೇಬೇಕೆಂದು, ಅದನ್ನು ಬಂದ್ ಮಾಡಿ, ಜನಸಂಚಾರವಿಲ್ಲದ ಹೊತ್ತಿನಲ್ಲಿ ಇಳಿಸಿ ನೋಡಿದ್ದೇನೆ. ಕೊನೆಯ ತಿರುವುಗಳಲ್ಲಿ ಪ್ಯಾಡಿನ ವಾಸನೆ ಬಂತು, ಕಾಲು ದಣಿಯಿತು, ಹಿಡಿತ ತಪ್ಪಲಿಲ್ಲ. ಮಳೆಯಲ್ಲಿ ಬೇರೆಯದೇ ಎಚ್ಚರ ಬೇಕು. ಕಾಂಟೆಸ್ಸಾದಲ್ಲಿ ಮೋಟಾರ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ರೀಜೆನ್ ತಡೆಯುವುದೂ ಅವನ್ನೇ. ಒದ್ದೆ ತಿರುವಿನಲ್ಲಿ ರೀಜೆನ್ ಜೋರಾಗಿದ್ದರೆ ಹಿಂಭಾಗ ಜಾರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅದನ್ನು ಕಡಿಮೆ ಮಾಡಿಡುತ್ತೇನೆ. ಪೆಡಲ್ ಮುಟ್ಟದೆಯೇ ಗಾಡಿ ನಿಧಾನವಾಗುವುದರಿಂದ ಹಿಂದಿನವರಿಗೆ ಬ್ರೇಕ್ ಲೈಟ್ ಕಾಣಬೇಕು. ಕಂಟ್ರೋಲರಿನಿಂದ ಒಂದು ರಿಲೇ ಮೂಲಕ ಅದಕ್ಕೂ ವ್ಯವಸ್ಥೆ ಮಾಡಿಸಿದ್ದೇನೆ.

ಎಲ್ಲರಿಗೂ ಇದನ್ನು ಶಿಫಾರಸು ಮಾಡಲಾರೆ. ನಮ್ಮ ತಂದೆಯವರಿಗೆ ಮಂಡಿ ನೋವಿದೆ. ಒಮ್ಮೆ ಓಡಿಸಿ ನೋಡಿದ ಮೇಲೆ ಕೀಲಿ ಕೈಯನ್ನು ನನಗೇ ಕೊಟ್ಟುಬಿಟ್ಟರು. ಮನೆಯಲ್ಲಿ ಹಿರಿಯರು ಓಡಿಸುವ ಗಾಡಿಗೆ ಪಂಪ್ ಅಥವಾ ವಿದ್ಯುತ್ ಬೂಸ್ಟರೇ ಸರಿ. ಒಂದೂವರೆ ಟನ್ ದಾಟುವ ಗಾಡಿಗೂ ನಾನು ಇದನ್ನು ಸೂಚಿಸುವುದಿಲ್ಲ. ಅಷ್ಟು ತೂಗದ ಗಾಡಿ, ಆರೋಗ್ಯವಂತ ಕಾಲು, ಪೆಡಲಿನ ಲೆಕ್ಕ ತಿಳಿದ ಮೇಸ್ತ್ರಿ ಇದ್ದರೆ ಧೈರ್ಯವಾಗಿ ಮಾಡಿಸಬಹುದು. ನನಗೆ ಸಿಲಿಂಡರ್, ಪ್ಯಾಡ್, ಪೈಪ್, ಲೇತ್ ಕೂಲಿ ಎಲ್ಲ ಸೇರಿ 14,000 ರೂಪಾಯಿಯ ಒಳಗೆ ಮುಗಿಯಿತು.

ಕಾಗದಪತ್ರದ ವಿಷಯವನ್ನು ಕಡೆಗಣಿಸಬಾರದು. ವಿದ್ಯುತ್ ಕಿಟ್ ಎಐಎಸ್-123 ಎಂಬ ವಾಹನ ಮಾನದಂಡದ ಪ್ರಕಾರ ಮಾನ್ಯತೆ ಪಡೆದದ್ದಾಗಿರಬೇಕು, ಆರ್‌ಸಿಯಲ್ಲಿ ಇಂಧನದ ಬದಲಾವಣೆ ದಾಖಲಾಗಬೇಕು; ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಆರ್‌ಸಿಗೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. ಬ್ರೇಕ್ ಮುಟ್ಟುವ ಮೊದಲೇ ಆರ್‌ಟಿಒ ಕಚೇರಿಗೂ ವಿಮೆಯವರಿಗೂ ಲಿಖಿತವಾಗಿ ತಿಳಿಸಿ ಅವರ ಉತ್ತರವನ್ನು ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. 15 ವರ್ಷ ದಾಟಿದ ಗಾಡಿಯ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ, ಆಗ ಬ್ರೇಕನ್ನೂ ನೋಡುತ್ತಾರೆ. ಆ ದಿನಕ್ಕೆ ಸಿಲಿಂಡರಿನ ಬಿಲ್, ಪೆಡಲಿನ ಅಳತೆಗಳು ಮತ್ತು ಪ್ಲೇಟಿನ ನಕ್ಷೆ ಕೈಯಲ್ಲಿರಲಿ.