ಮನೆಯ ರೇಡಾನ್ ಅಳೆಯಲು: ಇದ್ದಿಲು ಡಬ್ಬಿಯೋ, ಫಿಲ್ಮೋ, ಮೀಟರೋ?

ಮಂಡ್ಯ, ಮೈಸೂರು ಸೀಮೆಯ ನೆಲದಡಿ ಇರುವುದು ಗ್ರಾನೈಟ್, ನೈಸ್ ಬಂಡೆ. ಅದರೊಳಗಿನ ಯುರೇನಿಯಂ ಕ್ಷಯಿಸುತ್ತ ಹುಟ್ಟುವ ರೇಡಾನ್ ಎಂಬ ವಿಕಿರಣಶೀಲ ಅನಿಲ ನೆಲದ ಬಿರುಕುಗಳಿಂದ ಮನೆಯೊಳಗೆ ಬರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ; ಅಳೆಯದೆ ತಿಳಿಯದು.

ರೇಡಾನ್ ಹೀರಿಕೊಳ್ಳುವ ಇದ್ದಿಲು ಡಬ್ಬಿಯ ಪರೀಕ್ಷೆ 2ರಿಂದ 7 ದಿನದಲ್ಲಿ ಮುಗಿಯುತ್ತದೆ. ಅಷ್ಟೂ ದಿನ ಕಿಟಕಿ ಮುಚ್ಚಿರಬೇಕು. ಇದ್ದಿಲು ತೇವ ಹೀರಿದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಮಳೆಗಾಲಕ್ಕೆ ಬೇಡ. ರೇಡಾನ್ 3.8 ದಿನಕ್ಕೆ ಅರ್ಧವಾಗುವುದರಿಂದ ಡಬ್ಬಿ ತಕ್ಷಣ ಲ್ಯಾಬ್ ಸೇರಬೇಕು. ಅಂಚೆಯಲ್ಲಿ ವಾರಗಟ್ಟಲೆ ಉಳಿದರೆ ಪಟ್ಟ ಶ್ರಮ ದಂಡ.

ಹಳ್ಳಿ ಮನೆಗೆ ನಮ್ಮ ಆಯ್ಕೆ ಎಲ್‌ಆರ್-115, ಅಂದರೆ ವಿಕಿರಣದ ಗುರುತು ಉಳಿಸಿಕೊಳ್ಳುವ ಪ್ಲಾಸ್ಟಿಕ್ ಫಿಲ್ಮ್. ಕರೆಂಟ್ ಬೇಡ. ಮೂರು ತಿಂಗಳು ತೂಗುಹಾಕಿದರೆ, ಕಿಟಕಿ ತೆರೆದು ಮುಚ್ಚುವ ದಿನನಿತ್ಯದ ಬದುಕಿನ ಸರಾಸರಿಯೇ ಸಿಗುತ್ತದೆ. ಮಲಗುವ ಕೋಣೆಯಲ್ಲಿ, ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿ, ಗೋಡೆಯಿಂದ ಒಂದಡಿ ದೂರದಲ್ಲಿ ಕಟ್ಟಿ. ಒಲೆ, ಫ್ಯಾನ್, ಕಿಟಕಿ ಪಕ್ಕ ಬೇಡ. ಮಣ್ಣಿನ ಗೋಡೆಗೆ ತಾಗಿಸಿದರೆ ರೇಡಾನ್‌ನದೇ ಇನ್ನೊಂದು ರೂಪವಾದ ಥೋರಾನ್ ಸೇರಿ ಅಂಕಿ ಏರುತ್ತದೆ. ಅದನ್ನು ತಡೆಯಲು, ಫಿಲ್ಮ್ ಇಡುವುದಕ್ಕೆ ಸೂಜಿರಂಧ್ರದ ಮುಚ್ಚಳವಿರುವ ಡಬ್ಬಿಯನ್ನೇ ಕೇಳಿ ಪಡೆಯಿರಿ.

ಡಿಜಿಟಲ್ ಮೀಟರ್ ದುಬಾರಿ. ಬಿರುಕು ಮುಚ್ಚುವ ಮೊದಲು ಮತ್ತು ನಂತರ ಹೋಲಿಸಲು ಒಳ್ಳೆಯದು, ಊರಿಗೊಂದು ಸಾಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ ಘನ ಮೀಟರ್ ಗಾಳಿಗೆ 100 ಬೆಕೆರೆಲ್ (ವಿಕಿರಣಶೀಲತೆಯ ಅಳತೆಯ ಮಾನ). ಅದು ವರ್ಷದ ಸರಾಸರಿ. ಮೀಟರ್ ಒಂದು ರಾತ್ರಿ ತೋರಿಸಿದ ಅಂಕಿಗೆ ಗಾಬರಿಯಾಗಬೇಡಿ.