ಮೇಜಿನ ಮೇಲಿಡುವ ಇಪಿಆರ್: ತುಮಕೂರಿನ ಎಣ್ಣೆ ಪರೀಕ್ಷೆಗೆ ಆಗುತ್ತದೆಯೇ?

ಶಿರಾ, ಪಾವಗಡ ಕಡೆಯ ಕಡಲೆಕಾಯಿ ಎಣ್ಣೆ ಎಷ್ಟು ಬೇಗ ಕಮಟಾಗುತ್ತದೆ ಎಂದು ನೋಡಲು 9.5 ಗಿಗಾಹರ್ಟ್ಸ್ ಆಸುಪಾಸಿನ ಚಿಕ್ಕ ಇಪಿಆರ್ ಯಂತ್ರ (ಎಲೆಕ್ಟ್ರಾನ್ ಪ್ಯಾರಾಮ್ಯಾಗ್ನೆಟಿಕ್ ರೆಸೊನೆನ್ಸ್; ಎಣ್ಣೆ ಕಮಟಾಗುವಾಗ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳನ್ನು, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣುಗಳನ್ನು, ಗುರುತಿಸುವ ವಿಧಾನ) ಧಾರಾಳವಾಗಿ ಸಾಕು. ಸಿಗ್ನಲ್ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ತೆರೆಯ ಮೇಲೆ ತಾನಾಗಿ ಮೂಡುವ ಸಾಂದ್ರತೆಯ ಅಂಕಿಯ ಬಗ್ಗೆ.

ಆ ಅಂಕಿಯ ಹಿಂದಿನ ಕ್ಯಾಲಿಬ್ರೇಷನ್ ನೀರಿನಲ್ಲಿ ಮಾಡಿದ್ದಾದರೆ ಎಣ್ಣೆಗೆ ಒಗ್ಗುವುದಿಲ್ಲ. ನೀರು ಮೈಕ್ರೋವೇವ್ ಹೀರುತ್ತದೆ, ಎಣ್ಣೆ ಅಷ್ಟು ಹೀರುವುದಿಲ್ಲ. ಮಾದರಿ ಕೂರಿಸುವ ಕ್ಯಾವಿಟಿಯ ಕ್ಯೂ (ಮೈಕ್ರೋವೇವ್ ಶಕ್ತಿಯನ್ನು ಹಿಡಿದಿಡುವ ಅಳತೆ) ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಆದ್ದರಿಂದ ಸ್ಟ್ಯಾಂಡರ್ಡ್ (ಸಾಂದ್ರತೆ ಗೊತ್ತಿರುವ ಹೋಲಿಕೆಯ ದ್ರಾವಣ) ಅದೇ ಎಣ್ಣೆಯಲ್ಲೇ ಮಾಡಿಕೊಳ್ಳಿ: 15.6 ಮಿಲಿಗ್ರಾಂ ಟೆಂಪೋ ಎಂಬ ಸ್ಥಿರ ರ‍್ಯಾಡಿಕಲ್ ಅನ್ನು ತಾಜಾ ಎಣ್ಣೆಯಲ್ಲಿ ಕರಗಿಸಿ 100 ಮಿಲಿಗೆ ತಂದರೆ 1 ಮಿಲಿಮೋಲಾರ್. ಅದನ್ನು 10, 20, 50, 100 ಮೈಕ್ರೋಮೋಲಾರ್‌ಗೆ ತೆಳುಮಾಡಿ, ಅಂದೇ ಬಳಸಿ. ಟೆಂಪೋ ಗಾಳಿಗೆ ಆವಿಯಾಗುವ ಜಾತಿ, ತೂಗಿದ ತಕ್ಷಣ ಮುಚ್ಚಳ ಹಾಕಬೇಕು. ಕ್ಯಾಪಿಲರಿಯ (ಮಾದರಿ ತುಂಬುವ ಸಣ್ಣ ನಳಿಕೆ) ಒಳವ್ಯಾಸ, ಎಣ್ಣೆಯ ಮಟ್ಟ, ಕೂರಿಸುವ ಎತ್ತರ ಎಲ್ಲಕ್ಕೂ ಒಂದೇ ಇರಲಿ.

ಗೆರೆಯ ಎತ್ತರ ನೋಡಿ ಲೆಕ್ಕ ಹಾಕಬೇಡಿ. ಎಣ್ಣೆ ಮಂದ, ಅಣು ನಿಧಾನವಾಗಿ ತಿರುಗುತ್ತದೆ. ಟೆಂಪೋದ ಮೂರು ಗೆರೆಗಳಲ್ಲಿ ಕೊನೆಯದು ಗಿಡ್ಡವಾಗುತ್ತದೆ. ಡಬಲ್ ಇಂಟಿಗ್ರೇಷನ್ (ಸಿಗ್ನಲ್ ಅನ್ನು ಎರಡು ಸಲ ಕೂಡಿಸುವ ಲೆಕ್ಕ) ಮಾಡಿಯೇ ವಿಸ್ತೀರ್ಣ ತೆಗೆಯಬೇಕು. ಅದಕ್ಕೂ ಮೊದಲು ಬೇಸ್‌ಲೈನ್ ಸರಿಪಡಿಸಿ, ಸ್ವಲ್ಪ ಓರೆಯಿದ್ದರೂ ಎರಡನೇ ಸಲದ ಹೊತ್ತಿಗೆ ಅದೇ ಗುಡ್ಡವಾಗುತ್ತದೆ. ಮಾಡ್ಯುಲೇಷನ್ (ಕಾಂತಕ್ಷೇತ್ರಕ್ಕೆ ಕೊಡುವ ಸಣ್ಣ ಏರಿಳಿತ) 1 ಗಾಸ್‌ನಿಂದ ಶುರುಮಾಡಿ. ಪವರ್‌ನ ವರ್ಗಮೂಲಕ್ಕೆ ತಕ್ಕಂತೆ ಸಿಗ್ನಲ್ ನೇರವಾಗಿ ಏರುವವರೆಗೆ ಮಾತ್ರ ಮೈಕ್ರೋವೇವ್ ಪವರ್ ಕೊಡಿ.

ಪರೀಕ್ಷೆಗೆ 10 ಮಿಲಿ ಎಣ್ಣೆಗೆ 89 ಮಿಲಿಗ್ರಾಂ ಪಿಬಿಎನ್ (ರ‍್ಯಾಡಿಕಲ್ ಹಿಡಿಯುವ ಟ್ರ್ಯಾಪ್) ಹಾಕಿ, ಪೂರ್ತಿ ಕರಗುವವರೆಗೆ ಕಲಕಿ (ಸುಮಾರು 50 ಮಿಲಿಮೋಲಾರ್). 60 ಡಿಗ್ರಿಯಲ್ಲಿಟ್ಟು ಅರ್ಧ ಗಂಟೆಗೊಮ್ಮೆ 50 ಮೈಕ್ರೋಲೀಟರ್ ತೆಗೆದು, ತಣಿಸಿ ಓದಿ. ಓದುತ್ತಿರುವುದು ಎಣ್ಣೆಯಲ್ಲಿ ಹುಟ್ಟಿದ ಮೂಲ ಫ್ರೀ ರ‍್ಯಾಡಿಕಲ್ ಅಲ್ಲ, ಅದು ಪಿಬಿಎನ್‌ಗೆ ಸೇರಿ ಆದ, ಹೆಚ್ಚು ಹೊತ್ತು ಬಾಳುವ ರ‍್ಯಾಡಿಕಲ್; ಅದಕ್ಕೆ ಅಡಕ್ಟ್ ಎನ್ನುತ್ತಾರೆ. ಟ್ರ್ಯಾಪ್ ಎಲ್ಲವನ್ನೂ ಹಿಡಿಯದು, ಹಿಡಿದದ್ದೂ ಕ್ರಮೇಣ ನಾಶವಾಗುತ್ತಾ ಹೋಗುತ್ತದೆ. ವರದಿಯಲ್ಲಿ "ಅಡಕ್ಟ್, ಇಷ್ಟು ಮೈಕ್ರೋಮೋಲಾರ್" ಎಂದೇ ಬರೆಯಿರಿ.

ತಿಪಟೂರಿನ ಕೊಬ್ಬರಿ ಎಣ್ಣೆಗೆ ಇನ್ನೊಂದು ತಾಪತ್ರಯ: ಚಳಿಗಾಲದ ಬೆಳಗ್ಗೆ ಅದು ಕ್ಯಾಪಿಲರಿಯಲ್ಲೇ ಹೆಪ್ಪುಗಟ್ಟಿ ಗೆರೆಗಳು ಅಗಲವಾಗುತ್ತವೆ. ಕೋಣೆ 28 ಡಿಗ್ರಿಗಿಂತ ಕೆಳಗಿಳಿಯದಿರಲಿ.

ಬರೀ ಲಾಟ್ ಪಾಸೋ ಫೇಲೋ ನೋಡುವ ಗಾಣದವರಿಗೆ ಇದು ದುಂದು. ಎಣ್ಣೆಯಲ್ಲಿನ ಪೆರಾಕ್ಸೈಡ್ ಅಳೆಯುವ ಪೆರಾಕ್ಸೈಡ್ ವ್ಯಾಲ್ಯೂ ಟೈಟ್ರೇಷನ್ ಸಾಕು. ಬಾಳಿಕೆ, ಆಂಟಿಆಕ್ಸಿಡೆಂಟ್ ಹೋಲಿಸಿ ನೋಡುವ ಲ್ಯಾಬ್ ಅಥವಾ ಕಾಲೇಜಿಗಾದರೆ ಕೊಳ್ಳಬಹುದು. ಡೆಮೋಗೆ ನಿಮ್ಮ ಎಣ್ಣೆಯನ್ನೇ ಕೊಡಿ, ಕಚ್ಚಾ ಸ್ಪೆಕ್ಟ್ರಮ್ ಫೈಲ್ ಹೊರಗೆ ತೆಗೆಯಲು ಬರುತ್ತದೆಯೇ ಎಂದು ಆರ್ಡರ್‌ಗೆ ಮುಂಚೆಯೇ ಕೇಳಿ.